ಡಾ. ಹಾಗೆನ್-ಸ್ಮಿಟ್: ಬೆಳೆಯ ಗಾಯದಲ್ಲಿ ಗಾಳಿಯ ವಿಷವನ್ನು ಕಂಡ ರಸಾಯನಜ್ಞ

ಮುಂಬಯಿಯ ಲೋಕಲ್ ಗಾಡಿಗಳಲ್ಲಿ ನಿತ್ಯ ಪ್ರಯಾಣ ಮಾಡುವ ನಮ್ಮ ವಾಚಕರು ಹಳಿಗಳ ಪಕ್ಕದ ಜಾಗದಲ್ಲಿ ಪಾಲಕ್, ಮೆಂತೆ, ಮೂಲಂಗಿಗಳ ಪಾತಿಗಳನ್ನು ನೋಡಿಯೇ ಇರುತ್ತಾರೆ. ಇಂತಹ ಸೊಪ್ಪು ಮಾರುಕಟ್ಟೆಯ ದಾರಿಯಾಗಿ ನಮ್ಮ ಹೋಟೆಲುಗಳ ಅಡಿಗೆಮನೆಗೂ ಬರುತ್ತದೆ. ಎಲೆಯ ಮೇಲೆ ಅಲ್ಲಲ್ಲಿ ಬಿಳಿಚಿದ ಇಲ್ಲವೆ ಕಂದಿದ ಚುಕ್ಕೆಗಳಿದ್ದರೆ, ಹುಳುವೋ ರೋಗವೋ ತಗಲಿರಬೇಕೆಂದು ನಾವು ಅದನ್ನು ಕಿತ್ತು ಬಿಸಾಡುತ್ತೇವೆ. ಅದು ಹುಳುವೂ ಆಗಿರದೆ, ರೋಗವೂ ಆಗಿರದೆ, ರಸ್ತೆಯಲ್ಲಿ ಓಡುವ ಮೋಟಾರುಗಳ ಹೊಗೆಯಿಂದ ಬಿಸಿಲಿನಲ್ಲಿ ಹುಟ್ಟಿದ ಒಂದು ವಾಯುವಿನ ಗಾಯವಾಗಿರಬಹುದೆಂಬ ಸಂಗತಿ ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಜಗತ್ತಿಗೆ ತಿಳಿದಿರಲಿಲ್ಲ. ಅದನ್ನು ತಿಳಿಸಿಕೊಟ್ಟವರು ಹಾಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ರಸಾಯನಶಾಸ್ತ್ರಜ್ಞ ಡಾ. ಆರಿ ಯಾನ್ ಹಾಗೆನ್-ಸ್ಮಿಟ್ ಅವರು. ವಿಜ್ಞಾನ ಲೋಕದಲ್ಲಿ ಸುಪ್ರಸಿದ್ಧವಾದ ಈ ಹೆಸರು ಕನ್ನಡದಲ್ಲಿ ಅಷ್ಟಾಗಿ ಕೇಳಿಬಂದಿಲ್ಲ. ಅವರ ಜೀವನವನ್ನು ಸಂಗ್ರಹವಾಗಿ ನಿರೂಪಿಸುವುದು ನಮ್ಮ ಉದ್ದೇಶ.

ಹಾಗೆನ್-ಸ್ಮಿಟ್ ಅವರು ೧೯೦೦ನೆಯ ಇಸವಿ ಡಿಸೆಂಬರ್ ೨೨ರಂದು ಉಟ್ರೆಕ್ಟ್ ನಗರದಲ್ಲಿ ಜನಿಸಿದರು. ತಂದೆ ಅಲ್ಲಿಯ ರಾಜಸರಕಾರದ ಟಂಕಸಾಲೆಯಲ್ಲಿ ರಸಾಯನಜ್ಞರಾಗಿದ್ದರು. ನಾಣ್ಯದ ಲೋಹದಲ್ಲಿ ಕಲಬೆರಕೆಯ ಲೇಶವೂ ನುಸುಳದಂತೆ ಪರೀಕ್ಷಿಸುವ ಕೆಲಸ ನಡೆಯುವ ಜಾಗವದು. ಅತ್ಯಲ್ಪ ಪ್ರಮಾಣದ ವಸ್ತುವನ್ನು ಹಿಡಿದು ಗುರುತಿಸುವ ಕಸುಬಿನಲ್ಲಿ ಮಗನು ಮುಂದೆ ಹೆಸರು ಮಾಡಿದುದಕ್ಕೆ ಮನೆಯ ಸಂಸ್ಕಾರವೂ ಒಂದು ಕಾರಣವಾಗಿದ್ದೀತೆಂದು ನಮಗೆ ತೋರುತ್ತದೆ.

ಅವರ ವಿದ್ಯಾಭ್ಯಾಸವೂ ಉಟ್ರೆಕ್ಟ್ ವಿಶ್ವವಿದ್ಯಾನಿಲಯದಲ್ಲಿಯೇ ನಡೆಯಿತು. ೧೯೨೯ರಲ್ಲಿ ಡಾಕ್ಟರೇಟ್ ಪದವಿ ದೊರೆಯಿತು. ಗಿಡಮರಗಳಲ್ಲಿರುವ ಸುಗಂಧ ತೈಲಗಳ ರಚನೆ ಅವರ ಸಂಶೋಧನೆಯ ವಿಷಯ. ಲವಂಗಕ್ಕೆ ಲವಂಗದ ವಾಸನೆಯನ್ನೂ ನಿಂಬೆಯ ಸಿಪ್ಪೆಗೆ ನಿಂಬೆಯ ಪರಿಮಳವನ್ನೂ ಕೊಡುವ ವಸ್ತುಗಳು ಯಾವುವು, ಅವುಗಳ ಅಣುಗಳು ಹೇಗೆ ಕಟ್ಟಲ್ಪಟ್ಟಿವೆ ಎಂಬುದನ್ನು ಹುಡುಕುವ ವಿದ್ಯೆಯದು. ತರುವಾಯ ಕೋಗ್ಲ್ ಎಂಬ ಪ್ರಾಧ್ಯಾಪಕರೊಡನೆ ಸೇರಿ ಗಿಡಗಳ ಬೆಳವಣಿಗೆಯನ್ನು ನಡೆಸುವ ಆಕ್ಸಿನ್ ಎಂಬ ದ್ರವ್ಯಗಳ ಬೆನ್ನು ಹತ್ತಿದರು. ಆ ದ್ರವ್ಯವೊಂದನ್ನು ಅವರು ಮನುಷ್ಯರ ಮೂತ್ರದಿಂದ ಬೇರ್ಪಡಿಸಿದರೆಂದರೆ ವಾಚಕರಿಗೆ ನಗು ಬಂದೀತು. ಆದರೆ ರಸಾಯನಜ್ಞನಿಗೆ ಇಂತಹ ವಿಷಯದಲ್ಲಿ ಹೇಸಿಗೆಯೆಂಬುದಿಲ್ಲ; ವಸ್ತುವು ಎಲ್ಲಿ ಸಿಕ್ಕುವುದೋ ಅಲ್ಲಿಂದ ತೆಗೆಯುವುದೇ ಅವನ ಕ್ರಮ.

೧೯೩೬ರಲ್ಲಿ ಅವರು ಅಮೆರಿಕಕ್ಕೆ ಹೋಗಿ ಹಾರ್ವರ್ಡಿನಲ್ಲಿ ಕೆಲಕಾಲ ಬೋಧಿಸಿದರು. ಮರುವರ್ಷ ಕ್ಯಾಲಿಫೋರ್ನಿಯದ ಪ್ಯಾಸಡೀನ ಊರಿನಲ್ಲಿರುವ ಕ್ಯಾಲಿಫೋರ್ನಿಯ ತಂತ್ರವಿದ್ಯಾ ಸಂಸ್ಥೆಗೆ ಬಂದರು. ಅನುವಂಶಿಕತೆಯ ಸಂಶೋಧನೆಗಾಗಿ ನೊಬೆಲ್ ಪಾರಿತೋಷಕ ಪಡೆದಿದ್ದ ಥಾಮಸ್ ಹಂಟ್ ಮಾರ್ಗನ್ನರು ಆಗ ಅಲ್ಲಿಯ ಜೀವಶಾಸ್ತ್ರ ವಿಭಾಗದ ಮುಖ್ಯರು. ಸಸ್ಯಶಾಸ್ತ್ರಜ್ಞ ಫ್ರಿಟ್ಸ್ ವೆಂಟ್ ಎಂಬ ಮತ್ತೊಬ್ಬ ಡಚ್ಚರೂ ಅಲ್ಲಿದ್ದರು. ಪರದೇಶದಲ್ಲಿ ತನ್ನ ಭಾಷೆಯವನೊಬ್ಬನು ಜೊತೆಗಿದ್ದರೆ ಎಷ್ಟು ಧೈರ್ಯವೆಂಬುದನ್ನು ನಮ್ಮ ವಾಚಕರಿಗೆ ನಾವು ಹೇಳಬೇಕಾಗಿಲ್ಲ. ೧೯೪೦ರಲ್ಲಿ ಹಾಗೆನ್-ಸ್ಮಿಟ್ ಅವರು ಅಲ್ಲಿ ಪೂರ್ಣ ಪ್ರಾಧ್ಯಾಪಕರಾದರು. ಕೊನೆಯವರೆಗೂ ಆ ಊರನ್ನು ಬಿಡಲಿಲ್ಲ. ಗಾಯಗೊಂಡ ಗಿಡವು ತನ್ನ ಗಾಯವನ್ನು ಹೇಗೆ ಮಾಯಿಸಿಕೊಳ್ಳುತ್ತದೆ ಎಂಬುದನ್ನು ಅವರಕಾಯಿಯ ಜಾತಿಯ ಗಿಡಗಳಲ್ಲಿ ಸಂಶೋಧಿಸಿದುದು ಅಲ್ಲಿಯ ಮೊದಲ ಕೆಲಸಗಳಲ್ಲೊಂದು. ಆಮೇಲೆ ಅನಾನಸ್ ಹಣ್ಣಿನ ಕಂಪಿನ ಮೂಲವಸ್ತುಗಳನ್ನು ಹುಡುಕುವ ಕಾರ್ಯವನ್ನು ಕೈಗೊಂಡರು. ರಾಶಿ ಹಣ್ಣಿನಿಂದೇಳುವ ಆವಿಯನ್ನು ಅತಿ ತಂಪಾದ ನಳಿಗೆಗಳಲ್ಲಿ ಹಾಯಿಸಿ, ಹನಿಯಾಗಿ ಹಿಡಿದು, ಆ ಹನಿಯಲ್ಲಿ ಏನೇನಿದೆಯೆಂದು ಬಿಡಿಸಿ ನೋಡುವ ಸೂಕ್ಷ್ಮವಾದ ಸಲಕರಣೆಯನ್ನು ಅದಕ್ಕಾಗಿ ಸಿದ್ಧಪಡಿಸಿದ್ದರು. ಅನಾನಸಿಗಾಗಿ ಮಾಡಿದ ಆ ಸಲಕರಣೆಯೇ ಅವರನ್ನು ಬೇರೊಂದು ದಾರಿಗೆ ಎಳೆಯಿತು.

ಈಗ ಲಾಸ್ ಏಂಜಲೀಸ್ ನಗರದ ಸಂಗತಿಯನ್ನು ಹೇಳಬೇಕು. ಪ್ಯಾಸಡೀನಕ್ಕೆ ಆ ಮಹಾನಗರವು ತೀರ ಸಮೀಪ. ಒಂದು ಕಡೆ ಸಮುದ್ರ, ಉಳಿದ ಕಡೆಗಳಲ್ಲಿ ಬೆಟ್ಟಗಳು. ನೆಲದ ಹತ್ತಿರದ ತಣ್ಣನೆಯ ಗಾಳಿಯ ಮೇಲೆ ಬಿಸಿಗಾಳಿಯ ಪದರವೊಂದು ಪಾತ್ರೆಗೆ ಮುಚ್ಚಳ ಮುಚ್ಚಿದಂತೆ ಬಹುದಿನ ಕುಳಿತುಬಿಡುತ್ತದೆ. ಕೆಳಗಿನ ಹೊಗೆ ಮೇಲಕ್ಕೇರಲು ದಾರಿಯಿಲ್ಲ. ೧೯೪೩ರ ಜುಲೈ ೨೬ರಂದು, ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ, ಆ ನಗರವನ್ನು ಕಂದು ಬಣ್ಣದ ಮಬ್ಬು ಕವಿಯಿತು. ಜನರ ಕಣ್ಣುರಿದು ನೀರು ಸುರಿಯಿತು, ಗಂಟಲು ಕೆರೆಯಿತು, ಮೂರು ಬೀದಿಗಳಾಚೆ ಏನೂ ಕಾಣದಾಯಿತು. ಜಪಾನೀಯರು ವಿಷವಾಯು ಪ್ರಯೋಗ ಮಾಡಿದರೇನೋ ಎಂದು ಭಯಪಟ್ಟವರೂ ಉಂಟು. ನಗರದ ನಡುವೆ ಕೃತಕ ರಬ್ಬರಿಗೆ ಬೇಕಾದ ಸಾಮಗ್ರಿಯನ್ನು ತಯಾರಿಸುವ ಕಾರ್ಖಾನೆಯೊಂದಿದ್ದಿತು. ತಪ್ಪೆಲ್ಲ ಅದರದೆಂದು ಜನ ಕೂಗೆಬ್ಬಿಸಿದರು. ಕೆಲಕಾಲ ಕಾರ್ಖಾನೆಯನ್ನು ನಿಲ್ಲಿಸಿದ್ದೂ ಆಯಿತು. ಮಬ್ಬು ಮಾತ್ರ ಕದಲಲಿಲ್ಲ.

ಮರುವರ್ಷ ಅದರ ಪೆಟ್ಟು ಹೊಲಗಳಿಗೆ ತಗಲಿತು. ಆ ಕಾಲದ ಲಾಸ್ ಏಂಜಲೀಸ್ ಜಿಲ್ಲೆ ಬರಿಯ ಸಿನಿಮಾ ಪಟ್ಟಣವಲ್ಲ. ಅಮೆರಿಕದಲ್ಲಿಯೇ ಕೃಷಿಯ ಉತ್ಪತ್ತಿಯಲ್ಲಿ ಮುಂಚೂಣಿಯಲ್ಲಿದ್ದ ಜಿಲ್ಲೆ. ಕಿತ್ತಳೆ ತೋಟಗಳೂ ಸೊಪ್ಪು ತರಕಾರಿಗಳ ಹೊಲಗಳೂ ನಗರದ ಅಂಚಿನವರೆಗೆ ಹಬ್ಬಿದ್ದವು. ೧೯೪೪ರಲ್ಲಿ ರೈತರು ಒಂದು ವಿಚಿತ್ರವನ್ನು ಕಂಡರು. ನಿನ್ನೆ ಹಸುರಾಗಿದ್ದ ಪಾಲಕ್, ಬೀಟ್‌ರೂಟ್ ಮುಂತಾದವುಗಳ ಎಲೆ ಇಂದು ಕೆಳಮುಖದಲ್ಲಿ ಬೆಳ್ಳಿಯ ಲೇಪ ಕೊಟ್ಟಂತೆ ಹೊಳೆಯುತ್ತಿದ್ದಿತು. ಎರಡು ದಿನ ಕಳೆದರೆ ಕಂಚಿನ ಬಣ್ಣಕ್ಕೆ ತಿರುಗಿ ಬಾಡುತ್ತಿದ್ದಿತು. ಬುಟ್ಟಿಗೆ ತುಂಬಿ ಮಾರುಕಟ್ಟೆಗೆ ಕೊಂಡೊಯ್ದರೆ ಕೇಳುವವರಿಲ್ಲ. ಸೊಪ್ಪಿನ ಬೆಳೆಗೆ ಎಲೆಯೇ ಸರಕು. ಎಲೆ ಕೆಟ್ಟರೆ ರೈತನಿಗೆ ಉಳಿಯುವುದು ಬೇರು ಮಾತ್ರ. ರಿವರ್‌ಸೈಡ್ ಊರಿನ ಸರಕಾರಿ ನಿಂಬೆಜಾತಿಯ ಹಣ್ಣುಗಳ ಸಂಶೋಧನಾ ಕೇಂದ್ರದಲ್ಲಿದ್ದ ಜಾನ್ ಮಿಡಲ್‌ಟನ್ ಎಂಬ ಸಸ್ಯರೋಗ ತಜ್ಞರು ಇದನ್ನು ಪರೀಕ್ಷಿಸಿ, ಇದು ಯಾವ ಶಿಲೀಂಧ್ರದ ಕೆಲಸವೂ ಅಲ್ಲ, ಗಾಳಿಯಿಂದ ಬಂದ ಗಾಯವೆಂದು ನಿರ್ಣಯಿಸಿದರು. ಆದರೆ ಗಾಳಿಯಲ್ಲಿರುವುದು ಏನು?

ಲಂಡನ್, ಪಿಟ್ಸ್‌ಬರ್ಗ್ ಮುಂತಾದ ಕಲ್ಲಿದ್ದಲಿನ ಊರುಗಳಲ್ಲಿ ಹೊಗೆಯ ಕೇಡಿಗೆಲ್ಲ ಗಂಧಕದ ಡೈಆಕ್ಸೈಡೇ ಕಾರಣವೆಂಬುದು ಗೊತ್ತಿದ್ದಿತು. ಇಲ್ಲಿಯೂ ಅದೇ ಇರಬೇಕೆಂದು ಅಧಿಕಾರಿಗಳು ಭಾವಿಸಿದರು. ೧೯೪೭ರಲ್ಲಿ ಜಿಲ್ಲೆಗೆ ಗಾಳಿಯ ಮಾಲಿನ್ಯವನ್ನು ಹತೋಟಿಯಲ್ಲಿಡುವ ಇಲಾಖೆಯೊಂದನ್ನು ಸ್ಥಾಪಿಸಿ, ತೈಲ ಶುದ್ಧೀಕರಣದ ಕಾರ್ಖಾನೆಗಳಿಂದ ಗಂಧಕದ ಹೊಗೆಯನ್ನು ಕಡಮೆ ಮಾಡಿಸಿದರು. ಆದರೂ ಕಣ್ಣುರಿ ತಪ್ಪಲಿಲ್ಲ, ಸೊಪ್ಪು ಬಾಡುವುದೂ ತಪ್ಪಲಿಲ್ಲ. ಗಂಧಕದಿಂದ ಎಲೆಗಾಗುವ ಗಾಯದ ಗುರುತೇ ಬೇರೆ ಎಂಬುದನ್ನು ಸಸ್ಯಶಾಸ್ತ್ರಜ್ಞರು ಬಲ್ಲರು. ಕೈಗೆ ಸಿಕ್ಕವನನ್ನು ಅಪರಾಧಿಯೆಂದು ಹಿಡಿದರೆ ಅಪರಾಧ ನಿಲ್ಲುವುದಿಲ್ಲವಷ್ಟೆ.

ಆ ಇಲಾಖೆಯವರು ೧೯೪೮ರ ಸುಮಾರಿಗೆ ಹಾಗೆನ್-ಸ್ಮಿಟ್ ಅವರ ಸಹಾಯವನ್ನು ಕೋರಿದರು. ಅನಾನಸಿನ ಆವಿಯನ್ನು ಹಿಡಿದ ಸಲಕರಣೆಯನ್ನು ಅವರು ಈಗ ಕಿಟಕಿಯ ಹೊರಗಿನ ಗಾಳಿಗೆ ತಿರುಗಿಸಿದರು. ಬಹಳಷ್ಟು ಗಾಳಿಯನ್ನು ಎಳೆದು ತಂಪುನಳಿಗೆಗಳಲ್ಲಿ ಹಾಯಿಸಿದಾಗ ತಳದಲ್ಲಿ ಕೂಡಿದುದು ಕಂದು ಬಣ್ಣದ ದುರ್ನಾತದ ಕೆಲವೇ ಹನಿಗಳು. ಆ ಹನಿಗಳಲ್ಲಿ ಆಮ್ಲಜನಕದೊಡನೆ ಅರೆಬೆಂದ ಪೆಟ್ರೋಲಿನ ಅವಶೇಷಗಳು ತುಂಬಿದ್ದವು: ಆಲ್ಡಿಹೈಡುಗಳು, ಸಾವಯವ ಆಮ್ಲಗಳು, ಪೆರಾಕ್ಸೈಡುಗಳು. ಯಾವ ಕಾರ್ಖಾನೆಯ ಚಿಮಣಿಯಿಂದಲೂ ಈ ರೂಪದಲ್ಲಿ ಇವು ಹೊರಬೀಳುವುದಿಲ್ಲ. ಅಂದಮೇಲೆ ಇವು ಗಾಳಿಯಲ್ಲಿಯೇ ಹುಟ್ಟುತ್ತಿರಬೇಕು. ಪೆಟ್ರೋಲಿನ ಆವಿಯನ್ನು ಹೀಗೆ ಬೇಯಿಸಬಲ್ಲ ಉಗ್ರವಾದ ವಸ್ತುವೊಂದು ಅಲ್ಲಿ ಇರಬೇಕು. ಅದು ಓಜೋನ್ ಎಂದು ಅವರಿಗೆ ಹೊಳೆಯಿತು.

ಓಜೋನ್ ಎಂದರೆ ಮೂರು ಪರಮಾಣುಗಳು ಕೂಡಿದ ಆಮ್ಲಜನಕ. ನಾವು ಉಸಿರಾಡುವ ಆಮ್ಲಜನಕದಲ್ಲಿರುವುದು ಎರಡೇ. ವಿದ್ಯುತ್ತಿನ ಕಿಡಿ ಹಾರುವಲ್ಲಿ, ಕಚೇರಿಯಲ್ಲಿ ಜೆರಾಕ್ಸ್ ಯಂತ್ರವನ್ನು ಬಹಳ ಹೊತ್ತು ನಡೆಸಿದಾಗ ಮೂಗಿಗೆ ಬಡಿಯುವ ಚುರುಕು ವಾಸನೆಯೇ ಅದರದು. ಆಕಾಶದಲ್ಲಿ ಹತ್ತಾರು ಮೈಲು ಎತ್ತರದಲ್ಲಿರುವ ಓಜೋನ್ ಪದರವು ಸೂರ್ಯನ ಕ್ರೂರ ಕಿರಣಗಳನ್ನು ತಡೆದು ನಮ್ಮನ್ನು ಕಾಯುತ್ತದೆಂಬುದನ್ನು ವಾಚಕರು ಕೇಳಿದ್ದಾರೆ. ಅದೇ ವಸ್ತು ನೆಲಮಟ್ಟದಲ್ಲಿ ಹುಟ್ಟಿದರೆ ಶ್ವಾಸಕೋಶಕ್ಕೂ ಎಲೆಗೂ ವೈರಿ. ಚಾವಣಿಯ ಮೇಲಿರಬೇಕಾದ ಹೆಂಚು ತಲೆಯ ಮೇಲೆ ಬಿದ್ದಂತೆ.

ತಮ್ಮ ಊಹೆಯನ್ನು ಪರೀಕ್ಷಿಸಲು ಹಾಗೆನ್-ಸ್ಮಿಟ್ ಅವರು ಸಾಕ್ಷಿಗೆ ಕರೆದದ್ದು ಗಿಡಗಳನ್ನು. ಪಾಲಕ್, ಬೀಟ್‌ರೂಟ್, ಎಂಡೈವ್ ಎಂಬ ಸೊಪ್ಪು, ಓಟ್ಸ್, ಕುದುರೆ ಮೆಂತೆ, ಈ ಐದನ್ನು ಗಾಜಿನ ಮನೆಯಲ್ಲಿ ಬೆಳೆಸಿ, ಓಜೋನ್ ಮತ್ತು ಪೆಟ್ರೋಲಿನ ಆವಿಯನ್ನು ಬೆರೆಸಿದ ಗಾಳಿಯನ್ನು ಅವುಗಳ ಮೇಲೆ ಹಾಯಿಸಿದರು. ಹೊಲಗಳಲ್ಲಿ ಕಂಡ ಬೆಳ್ಳಿಯ ಹೊಳಪು, ಕಂಚಿನ ಕಂದು, ಎಲ್ಲವೂ ಗಾಜಿನ ಮನೆಯಲ್ಲಿ ಮೂಡಿದವು. ಮಬ್ಬಿನ ದಿನದ ವಾಸನೆಯೂ ಅಲ್ಲಿಯೇ ಹುಟ್ಟಿತು. ಈ ಪ್ರಯೋಗಗಳ ವಿವರ ೧೯೫೨ರಲ್ಲಿ ಪ್ರಕಟವಾಯಿತು. ಇನ್ನೊಂದು ಸಾಕ್ಷಿ ರಬ್ಬರು. ಲಾಸ್ ಏಂಜಲೀಸಿನಲ್ಲಿ ಮೋಟಾರಿನ ಟೈರುಗಳು ಬೇರೆ ಊರುಗಳಿಗಿಂತ ಬೇಗನೆ ಬಿರಿಯುತ್ತಿದ್ದುದು ಜನರ ಅನುಭವಕ್ಕೆ ಬಂದಿದ್ದಿತು. ಬಾಗಿಸಿ ಬಿಗಿದ ರಬ್ಬರಿನ ಪಟ್ಟಿ ಓಜೋನ್ ತಗಲಿದರೆ ಬಿರುಕು ಬಿಡುತ್ತದೆ. ಬಿರುಕು ಕಾಣಿಸಿಕೊಳ್ಳಲು ಹಿಡಿದ ಹೊತ್ತನ್ನು ಎಣಿಸಿ, ಗಾಳಿಯಲ್ಲಿ ಎಷ್ಟು ಓಜೋನ್ ಇದೆಯೆಂದು ಅವರು ಅಳೆದರು. ಕೆಲವೇ ಕಾಸಿನ ರಬ್ಬರು ತುಂಡು ಬಹು ಬೆಲೆಯ ಯಂತ್ರದ ಕೆಲಸವನ್ನು ಮಾಡಿಕೊಟ್ಟಿತು.

ಓಜೋನ್ ಬಂದುದೆಲ್ಲಿಂದ ಎಂಬುದು ಉಳಿದ ಪ್ರಶ್ನೆ. ಅಡಿಗೆಯ ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾದೀತು. ಎಣ್ಣೆಯೊಂದೇ ಇದ್ದರೆ ಒಗ್ಗರಣೆಯಾಗದು, ಸಾಸಿವೆಯೊಂದೇ ಇದ್ದರೂ ಆಗದು, ಒಲೆಯಿಲ್ಲದೆ ಎರಡೂ ಇದ್ದರೂ ಆಗದು. ಇಲ್ಲಿ ಒಂದು ಸಾಮಗ್ರಿ ಪೂರ್ತಿ ಉರಿಯದೆ ಹೊರಬಿದ್ದ ಪೆಟ್ರೋಲಿನ ಆವಿ, ಇನ್ನೊಂದು ಎಂಜಿನ್ನಿನ ಉರಿಯಲ್ಲಿ ಹುಟ್ಟುವ ನೈಟ್ರೋಜನ್ನಿನ ಆಕ್ಸೈಡುಗಳು, ಒಲೆ ಸೂರ್ಯ. ಬಿಸಿಲು ತಗಲಿದ ಆಕ್ಸೈಡು ಒಡೆದು ಆಮ್ಲಜನಕದ ಒಂಟಿ ಪರಮಾಣುವನ್ನು ಬಿಡುತ್ತದೆ. ಅದು ಗಾಳಿಯ ಆಮ್ಲಜನಕಕ್ಕೆ ಅಂಟಿ ಓಜೋನ್ ಆಗುತ್ತದೆ. ಪೆಟ್ರೋಲಿನ ಆವಿ ಇಲ್ಲದಿದ್ದರೆ ಆ ಓಜೋನ್ ಅಷ್ಟರಲ್ಲಿಯೇ ಕರಗಿಹೋದೀತು. ಆವಿ ಇರುವುದರಿಂದ ಅದು ಗಂಟೆಗಂಟೆಗೆ ಕೂಡುತ್ತ ಹೋಗುತ್ತದೆ. ಆದುದರಿಂದಲೇ ಮಧ್ಯಾಹ್ನದಿಂದ ಸಂಜೆಯ ಮೊದಲ ಹೊತ್ತಿನವರೆಗೆ ಅದರ ಪ್ರಮಾಣ ಗರಿಷ್ಠ, ರಾತ್ರಿಯಲ್ಲಿ ಕನಿಷ್ಠ. ಇನ್ನೊಂದು ವಿಚಿತ್ರವೂ ಉಂಟು. ಮೋಟಾರುಗಳು ಕಿಕ್ಕಿರಿದ ಪೇಟೆಯ ನಡುವೆ ಹೊಸ ಹೊಗೆಯೇ ಓಜೋನನ್ನು ಸ್ವಲ್ಪಮಟ್ಟಿಗೆ ನುಂಗುತ್ತದೆ. ಗಾಳಿ ಬೀಸಿದ ದಿಕ್ಕಿನಲ್ಲಿ ಊರಾಚೆಗೆ, ಹೊಲಗಳಿರುವ ಕಡೆಗೆ ಹೋದಂತೆ ಅದು ಹೆಚ್ಚುತ್ತದೆ. ಹೊಗೆ ಪಟ್ಟಣದ್ದು, ಪೆಟ್ಟು ಹಳ್ಳಿಗೆ.

ತಪ್ಪು ಯಾವುದೋ ಒಂದು ಕಾರ್ಖಾನೆಯದಲ್ಲ, ಮನೆಮನೆಯ ಮೋಟಾರಿನದು ಮತ್ತು ತೈಲೋದ್ಯಮದ್ದು ಎಂಬ ಈ ನಿರ್ಣಯವು ಬಲವಂತರಿಗೆ ಹಿಡಿಸಲಿಲ್ಲ. ತೈಲ ಕಂಪನಿಗಳ ಸಂಘದ ಹಣದಿಂದ ಸ್ಟಾನ್‌ಫರ್ಡ್ ಸಂಶೋಧನಾ ಸಂಸ್ಥೆಯವರು ನಡೆಸುತ್ತಿದ್ದ ಸಂಶೋಧನೆಯ ಪರವಾಗಿ ಹಾಗೆನ್-ಸ್ಮಿಟ್ ಅವರ ಕೆಲಸವನ್ನು ಬಹಿರಂಗವಾಗಿ ಅಲ್ಲಗಳೆಯಲಾಯಿತು. ಸ್ವಭಾವತಃ ಸೌಮ್ಯರಾದ ಅವರಿಗೆ ಇದರಿಂದ ಬಹಳ ಸಿಟ್ಟು ಬಂದಿತೆಂದು ಬಲ್ಲವರು ಹೇಳುತ್ತಾರೆ. ಕಂಪಿನ ಸಂಶೋಧನೆಗೆ ಮರಳಿಹೋಗಬೇಕೆಂದಿದ್ದವರು ಅದನ್ನು ಕೈಬಿಟ್ಟು ಪೂರ್ಣವಾಗಿ ಮಬ್ಬಿನ ಬೆನ್ನು ಹತ್ತಿದರು. ಅವರನ್ನು ಹೀಯಾಳಿಸದೆ ಸುಮ್ಮನಿದ್ದಿದ್ದರೆ ಜಗತ್ತು ಅನಾನಸಿನ ವಿಷಯದಲ್ಲಿ ಇನ್ನಷ್ಟು ತಿಳಿದುಕೊಳ್ಳುತ್ತಿದ್ದಿತೇನೋ! ವೈಜ್ಞಾನಿಕ ಸಲಕರಣೆಗಳ ಉದ್ಯಮಿ ಆರ್ನಲ್ಡ್ ಬೆಕ್‌ಮನ್ನರಂತಹ ಕೆಲವರು ಅವರ ಬೆಂಬಲಕ್ಕೆ ನಿಂತರು. ೧೯೫೩ರಲ್ಲಿ ಜಿಲ್ಲೆಯ ಆಡಳಿತಗಾರರಲ್ಲೊಬ್ಬರಾದ ಕೆನೆತ್ ಹಾನ್ ಎಂಬವರು ಫೋರ್ಡ್ ಮೋಟಾರು ಕಂಪನಿಗೆ ಕಾಗದ ಬರೆದು ವಿಚಾರಿಸಿದಾಗ, ಹೊಗೆಯು ಗಾಳಿಯಲ್ಲಿ ಬೇಗನೆ ಚದರಿಹೋಗುವುದರಿಂದ ಅದು ಸಮಸ್ಯೆಯೇ ಅಲ್ಲವೆಂಬ ಅರ್ಥದ ಉತ್ತರ ಬಂದಿತು. ಮರುವರ್ಷ ಅಕ್ಟೋಬರಿನಲ್ಲಿ ಮಬ್ಬು ಎಷ್ಟು ದಟ್ಟವಾಗಿ ಕವಿಯಿತೆಂದರೆ ಶಾಲೆಗಳನ್ನೂ ಕಾರ್ಖಾನೆಗಳನ್ನೂ ಮುಚ್ಚಬೇಕಾಯಿತು. ೧೯೫೭ರಲ್ಲಿ ಮನೆಯ ಹಿತ್ತಲಲ್ಲಿ ಕಸ ಸುಡುವುದನ್ನು ಜಿಲ್ಲೆಯಲ್ಲಿ ನಿಷೇಧಿಸಿದರು. ಬಡವನ ಕಸದ ಒಲೆಯನ್ನು ಆರಿಸುವುದು ಮೋಟಾರು ಕಂಪನಿಯನ್ನು ಬಗ್ಗಿಸುವುದಕ್ಕಿಂತ ಸುಲಭ. ಆ ದಶಕ ಮುಗಿಯುವಷ್ಟರಲ್ಲಿ ಹಾಗೆನ್-ಸ್ಮಿಟ್ ಅವರ ಸಿದ್ಧಾಂತವನ್ನು ವಿಜ್ಞಾನಿಗಳೆಲ್ಲ ಒಪ್ಪಿದ್ದರು.

ಅವರು ತೆರೆದ ಬಾಗಿಲಿನಿಂದ ಬೇರೆಯವರೂ ಒಳಹೊಕ್ಕರು. ಎಲೆಯ ಕೆಳಮುಖವನ್ನು ಬೆಳ್ಳಿಯಂತೆ ಮಾಡುವುದು ಓಜೋನಿನೊಡನೆ ಅದೇ ಬಿಸಿಲಿನ ಅಡಿಗೆಯಲ್ಲಿ ಹುಟ್ಟುವ ಪೆರಾಕ್ಸಿ ಅಸಿಟೈಲ್ ನೈಟ್ರೇಟ್ ಎಂಬ ಇನ್ನೊಂದು ವಸ್ತುವೆಂದು ಮುಂದೆ ತಿಳಿದುಬಂದಿತು. ಓಜೋನಿನ ಸ್ವಂತ ಗುರುತು ಎಲೆಯ ಮೇಲ್ಮುಖದ ಸಣ್ಣ ಚುಕ್ಕೆಗಳು. ೧೯೫೮ರಲ್ಲಿ ಕ್ಯಾಲಿಫೋರ್ನಿಯದ ದ್ರಾಕ್ಷಿಯಲ್ಲಿಯೂ ೧೯೫೯ರಲ್ಲಿ ಹೊಗೆಸೊಪ್ಪಿನಲ್ಲಿಯೂ ಇದನ್ನು ಗುರುತಿಸಿದರು. ಹೊಗೆಸೊಪ್ಪಿನ ರೈತರು ಅದನ್ನು ಅದುವರೆಗೆ ಹವೆಯ ದೋಷವೆಂದು ಕರೆಯುತ್ತ ಸುಮ್ಮನಿದ್ದರು. ಸಿಗಾರಿಗೆ ಸುತ್ತುವ ಎಲೆಯಲ್ಲಿ ಚುಕ್ಕೆ ಬಿದ್ದರೆ ಅದಕ್ಕೆ ಬೆಲೆಯೇ ಇಲ್ಲ.

ಈ ಅಭ್ಯಾಸಗಳಿಂದ ರೈತನಿಗೆ ಉಪಯುಕ್ತವಾದ ಒಂದು ತತ್ತ್ವ ಹೊರಬಂದಿತು. ಅದು ನೀರಿಗೆ ಸಂಬಂಧಿಸಿದುದು. ಅದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಎಲೆಯ ಮೈಮೇಲೆ ಕಣ್ಣಿಗೆ ಕಾಣದ ಸಾವಿರಾರು ಬಾಯಿಗಳಿವೆ. ಪತ್ರರಂಧ್ರಗಳೆಂದು ಅವಕ್ಕೆ ಹೆಸರು. ಒಂದೊಂದು ರಂಧ್ರದ ಎರಡು ಪಕ್ಕಗಳಲ್ಲಿ ತುಟಿಗಳಂತೆ ಎರಡು ಕಾವಲು ಕೋಶಗಳು. ಗಿಡಕ್ಕೆ ನೀರು ಸಾಕಷ್ಟಿದ್ದು ಬೆಳಕೂ ಇದ್ದರೆ ಈ ಕೋಶಗಳು ಉಬ್ಬಿ ಬಾಯಿ ತೆರೆಯುತ್ತದೆ. ಆಹಾರಕ್ಕೆ ಬೇಕಾದ ಇಂಗಾಲದ ಡೈಆಕ್ಸೈಡು ಒಳಗೆ ಬರುತ್ತದೆ, ನೀರಿನ ಆವಿ ಹೊರಗೆ ಹೋಗುತ್ತದೆ. ಮಣ್ಣು ಒಣಗಿದರೆ ಬೇರಿನಿಂದಲೂ ಎಲೆಯಿಂದಲೂ ಸೂಚನೆ ಹೊರಟು ಬಾಯಿ ಮುಚ್ಚಿಕೊಳ್ಳುತ್ತದೆ. ಓಜೋನಿಗೂ ಇದೇ ಬಾಗಿಲು. ತೆರೆದ ಬಾಯಿಯಿಂದ ಒಳಹೊಕ್ಕ ಓಜೋನ್ ಕೋಶಗಳ ತೇವಕ್ಕೆ ತಗಲಿ ಅವುಗಳ ಪೊರೆಯನ್ನು ಹರಿಯುತ್ತದೆ. ಹೀಗಾಗಿ, ಹೊಟ್ಟೆತುಂಬ ನೀರುಂಡ ಬೆಳೆಗೆ ಗಾಯ ಹೆಚ್ಚು; ತುಸು ಬಾಯಾರಿದ ಬೆಳೆಗೆ ಕಡಮೆ. ೧೯೬೦ರ ದಶಕದಲ್ಲಿ ಫ್ಲಾರಿಡಾದ ಹೊಗೆಸೊಪ್ಪಿನ ತೋಟಗಳಲ್ಲಿ ಮಣ್ಣಿನ ತೇವಕ್ಕೂ ಎಲೆಯ ಚುಕ್ಕೆಗಳಿಗೂ ಇರುವ ಈ ಸಂಬಂಧವನ್ನು ಅಭ್ಯಸಿಸಿದರು. ನೀರೇ ಬೆಳೆಯ ಪ್ರಾಣವೆಂದು ನಂಬಿದ ರೈತನಿಗೆ ಇದು ತಲೆಕೆಳಗಾದ ಮಾತಾಗಿ ಕಂಡೀತು.

ಹಾಗಾದರೆ ಹೊಲವನ್ನು ಒಣಗಿಸಿಬಿಡುವುದೇ ಉಪಾಯವೇ? ಖಂಡಿತ ಅಲ್ಲ. ಬಾಯಿ ಮುಚ್ಚಿದ ಎಲೆಗೆ ವಿಷ ಹೋಗದು ನಿಜ, ಅನ್ನವೂ ಹೋಗದು. ಬೆವರು ನಿಂತ ಎಲೆ ಬಿಸಿಲಿಗೆ ಕಾಯುತ್ತದೆ. ಬಹುದಿನ ನೀರು ತಪ್ಪಿದರೆ ಓಜೋನಿನಿಂದ ಉಳಿದ ಬೆಳೆ ಬರದಿಂದ ಸಾಯುತ್ತದೆ. ಆದುದರಿಂದ ಇದು ನೀರನ್ನು ಬಿಡುವ ಮಾತಲ್ಲ, ಹೊತ್ತನ್ನು ಅರಿತು ಕೊಡುವ ಮಾತು. ಗಾಳಿ ಅಲುಗಾಡದೆ ಬಿಸಿಲು ತೀವ್ರವಾಗಿ ಮಬ್ಬು ಕವಿಯುವ ಸೂಚನೆಯಿದ್ದರೆ, ಮಣ್ಣಿನಲ್ಲಿ ಇನ್ನೂ ತೇವ ಉಳಿದಿದ್ದರೆ, ಸರದಿಯ ನೀರನ್ನು ಒಂದೆರಡು ದಿನ ತಡೆದು, ಗಾಳಿ ತಿಳಿಯಾದ ಮೇಲೆ ಹಾಯಿಸಬಹುದು. ಎಳೆಯ ಗಿಡಕ್ಕೂ, ಹೂವು ಕಚ್ಚುವ, ಕಾಳು ತುಂಬುವ ಕಾಲದ ಬೆಳೆಗೂ ಈ ತಡೆ ಸಲ್ಲದು. ಆಗ ನೀರಿನ ಕೊರತೆಯಿಂದಾಗುವ ನಷ್ಟವೇ ದೊಡ್ಡದು. ದುರ್ದೈವವೆಂದರೆ, ಗೋಧಿಗೆ ಓಜೋನಿನ ಪೆಟ್ಟು ಅತಿಯಾಗಿ ತಗಲುವುದೂ ಕಾಳು ತುಂಬುವ ಹೊತ್ತಿನಲ್ಲಿಯೇ. ಬಹುಕಾಲ ಓಜೋನಿನಲ್ಲಿ ಬೆಳೆದ ಕೆಲವು ಗಿಡಗಳ ಬಾಯಿಗೆ ಜಡತ್ವ ಬಂದು, ಮುಚ್ಚಬೇಕಾದಾಗ ಮುಚ್ಚದೆ ನೀರನ್ನು ಪೋಲುಮಾಡುವುದನ್ನೂ ಈಚಿನ ಸಂಶೋಧಕರು ಕಂಡಿದ್ದಾರೆ. ಅಂತಹ ಬೆಳೆಗೆ ಬರ ಬಂದರೆ ಎರಡು ಕಡೆಯಿಂದಲೂ ಹೊಡೆತ.

ಇದು ಅಮೆರಿಕದ ಕಥೆಯಾಯಿತು, ನಮಗೇನು ಎನ್ನುವಂತಿಲ್ಲ. ಗಾಳಿಯ ನೂರು ಕೋಟಿ ಭಾಗಗಳಲ್ಲಿ ನಲ್ವತ್ತು ಭಾಗವನ್ನು ಓಜೋನ್ ಮೀರಿದರೆ ಅದರ ಲೆಕ್ಕವನ್ನು ಬೆಳೆಯ ನಷ್ಟಕ್ಕೆ ಹಿಡಿಯುವುದು ವಿಜ್ಞಾನಿಗಳ ರೂಢಿ. ಉತ್ತರ ಹಿಂದೂಸ್ತಾನದ ಬಯಲಿನಲ್ಲಿ ಚಳಿಗಾಲ ಕಳೆದು ಬಿಸಿಲೇರಿದಾಗ ಓಜೋನ್ ಈ ಮಿತಿಯನ್ನು ಎಷ್ಟೋ ದಿನ ದಾಟುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಇತರರೂ ಸೇರಿ ೨೦೧೪ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ೨೦೦೫ರಲ್ಲಿ ನೆಲಮಟ್ಟದ ಓಜೋನಿನಿಂದ ದೇಶಕ್ಕಾದ ನಷ್ಟ ಗೋಧಿಯಲ್ಲಿ ಸುಮಾರು ೩೫ ಲಕ್ಷ ಟನ್ನು, ಅಕ್ಕಿಯಲ್ಲಿ ಸುಮಾರು ೨೧ ಲಕ್ಷ ಟನ್ನು. ಪುಣೆಯಲ್ಲಿ ಗುಮಾಸ್ತೆ ಕೆಲಸದಲ್ಲಿರುವ ನಮ್ಮ ವಾಚಕರು ಆ ಸಂಸ್ಥೆಯ ಮುಂದಿನ ರಸ್ತೆಯಲ್ಲಿ ಹಾದುಹೋಗಿರಲೂಬಹುದು. ವಾರಾಣಸಿಯ ಹಿಂದೂ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರಜ್ಞರು ಮೇಲ್ಭಾಗ ತೆರೆದ ಗೂಡುಗಳಲ್ಲಿ ಗೋಧಿ ಮೊದಲಾದ ಬೆಳೆಗಳನ್ನು ಬೆಳೆಸಿ, ಒಂದಕ್ಕೆ ಸೋಸಿದ ಗಾಳಿಯನ್ನೂ ಇನ್ನೊಂದಕ್ಕೆ ಊರಿನ ಗಾಳಿಯನ್ನೂ ಕೊಟ್ಟು ಹೋಲಿಸಿದ್ದಾರೆ. ಸೋಸಿದ ಗಾಳಿಯ ಬೆಳೆಯೇ ಮೇಲಾಯಿತು. ಹಾಗೆನ್-ಸ್ಮಿಟ್ ಅವರು ಗಾಜಿನ ಮನೆಯಲ್ಲಿ ಗಿಡಗಳನ್ನು ಸಾಕ್ಷಿಗೆ ಕರೆದ ವಿಧಾನದ ವಂಶವೇ ಇದು. ಊರಿನ ಹೊಲವನ್ನು ಅಣ್ಣತಮ್ಮಂದಿರಿಗೆ ಒಪ್ಪಿಸಿ ಪಟ್ಟಣಕ್ಕೆ ದುಡಿಯಲು ಬಂದವರು ನಮ್ಮಲ್ಲಿ ಬಹಳ ಮಂದಿ. ಪಟ್ಟಣದ ಹೊಗೆಯು ಹೊಲದ ಕಾಳನ್ನು ಸಣ್ಣದು ಮಾಡುತ್ತದೆಂಬ ಲೆಕ್ಕವು ಅವರಿಗೆ ಎರಡೂ ಕಡೆಯಿಂದ ಸಂಬಂಧಿಸಿದುದು.

ನೀರಿನ ಹದವು ಗಾಯವನ್ನು ಕಡಮೆ ಮಾಡೀತೇ ಹೊರತು ವಿಷವನ್ನು ಕಡಮೆ ಮಾಡದು. ಹಾಗೆನ್-ಸ್ಮಿಟ್ ಅವರ ಉಳಿದ ಆಯುಷ್ಯವು ವಿಷದ ಮೂಲವನ್ನು ಅಡಗಿಸುವುದಕ್ಕಾಗಿ ವ್ಯಯವಾಯಿತು. ೧೯೬೦ರಲ್ಲಿ ಕ್ಯಾಲಿಫೋರ್ನಿಯ ರಾಜ್ಯವು ಮೋಟಾರುಗಳ ಹೊಗೆಯನ್ನು ನಿಯಂತ್ರಿಸುವ ಮಂಡಲಿಯೊಂದನ್ನು ರಚಿಸಿದಾಗ ಅವರು ಅದರ ಸದಸ್ಯರಾದರು. ಪ್ರಯೋಗಶಾಲೆಯ ಮನುಷ್ಯರು ಸಮಿತಿಗಳಲ್ಲಿ ಕುಳಿತು, ಕಂಪನಿಗಳ ವಕೀಲರ ವಾದಗಳನ್ನು ಕೇಳುವುದು ಸುಖದ ಕೆಲಸವಲ್ಲ. ಅವರು ಅದನ್ನು ಬಿಡಲಿಲ್ಲ. ೧೯೬೬ರ ಮಾದರಿಯ ಹೊಸ ಮೋಟಾರುಗಳಿಂದ ಮೊದಲಾಗಿ ಹೊಗೆನಳಿಗೆಗೆ ಮಿತಿಯನ್ನು ವಿಧಿಸಿದ ಮೊದಲ ರಾಜ್ಯ ಕ್ಯಾಲಿಫೋರ್ನಿಯ. ೧೯೬೮ರಲ್ಲಿ ರಾಜ್ಯದ ವಾಯುಸಂಪನ್ಮೂಲ ಮಂಡಲಿಯು ಕೆಲಸಕ್ಕೆ ತೊಡಗಿದಾಗ ಅದರ ಪ್ರಥಮ ಅಧ್ಯಕ್ಷ ಸ್ಥಾನವು ಅವರಿಗೆ ಬಂದಿತು. ಅವರನ್ನು ನೇಮಿಸಿದವರು ಆಗಿನ ರಾಜ್ಯಪಾಲರಾಗಿದ್ದು ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್ನರು. ಪೆಟ್ರೋಲಿನ ಆವಿ ಮತ್ತು ನೈಟ್ರೋಜನ್ನಿನ ಆಕ್ಸೈಡುಗಳೆರಡನ್ನೂ ಒಟ್ಟಿಗೆ ಹಿಡಿತಕ್ಕೆ ತರಬೇಕೆಂಬ ನಿಲುವು ಅವರ ಅಡಿಗೆಯ ಲೆಕ್ಕದಿಂದಲೇ ಹುಟ್ಟಿದುದು. ೧೯೭೫ರ ಮಾದರಿಯಿಂದ ಅಮೆರಿಕದ ಮೋಟಾರುಗಳಲ್ಲಿ ಹೊಗೆಯನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಸಾಧನವು ಸಾಮಾನ್ಯವಾಯಿತು. ನಮ್ಮ ದೇಶದಲ್ಲಿ ೨೦೨೦ರ ಏಪ್ರಿಲ್ ಒಂದರಿಂದ ಜಾರಿಗೆ ಬಂದ ಭಾರತ್ ಹಂತ ಆರರ ನಿಯಮಗಳು ಮಿತಿಗೊಳಪಡಿಸುವ ವಸ್ತುಗಳಲ್ಲಿ ಇವೆರಡೂ ಸೇರಿವೆ.

ಸಂಸ್ಥೆಯ ಪ್ರಾಧ್ಯಾಪಕತ್ವದಿಂದ ೧೯೭೧ರಲ್ಲಿಯೂ ಮಂಡಲಿಯ ಅಧ್ಯಕ್ಷತೆಯಿಂದ ೧೯೭೩ರಲ್ಲಿಯೂ ಅವರು ಬಿಡುಗಡೆ ಹೊಂದಿದರು. ಅದೇ ವರ್ಷದ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕವು ಅವರಿಗೆ ದೊರೆಯಿತು. ೧೯೭೪ರಲ್ಲಿ ಪರಿಸರದ ಸೇವೆಗಾಗಿ ಕೊಡುವ ಟೈಲರ್ ಪಾರಿತೋಷಕದ ಪ್ರಥಮ ವಿಜೇತರಲ್ಲಿ ಒಬ್ಬರಾದರು. ಸಹೋದ್ಯೋಗಿಗಳು ಅವರನ್ನು ಪ್ರೀತಿಯಿಂದ ಹಾಗಿ ಎಂದು ಕರೆಯುತ್ತಿದ್ದರು. ೧೯೭೭ರ ಮಾರ್ಚ್ ೧೭ರಂದು ಪ್ಯಾಸಡೀನದಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ ೭೬ ವರ್ಷ. ಕಾಯಿಲೆ ಶ್ವಾಸಕೋಶದ ಅರ್ಬುದ ರೋಗ.

ಎಲ್ ಮಾಂಟೆ ಎಂಬ ಊರಿನಲ್ಲಿ ಮೋಟಾರುಗಳ ಹೊಗೆಯನ್ನು ಪರೀಕ್ಷಿಸುತ್ತಿದ್ದ ಮಂಡಲಿಯ ಪ್ರಯೋಗಶಾಲೆಗೆ ಅವರ ಹೆಸರನ್ನು ಇಟ್ಟರು. ೨೦೨೧ರಲ್ಲಿ ಮಂಡಲಿಯು ದಕ್ಷಿಣ ಕ್ಯಾಲಿಫೋರ್ನಿಯದ ತನ್ನ ಮುಖ್ಯ ಕಚೇರಿಯನ್ನೂ ಪರೀಕ್ಷಾಶಾಲೆಗಳನ್ನೂ ಹೊಸ ಕಟ್ಟಡಗಳಿಗೆ ಸಾಗಿಸಿತು. ಆ ಕಟ್ಟಡಗಳಿರುವುದು ರಿವರ್‌ಸೈಡಿನಲ್ಲಿ, ಸೊಪ್ಪಿನ ಎಲೆಗಳ ಮೇಲಿನ ಗಾಯವನ್ನು ಮಿಡಲ್‌ಟನ್ನರು ಕೈಯಲ್ಲಿ ಹಿಡಿದು ನೋಡಿದ ಊರಿನಲ್ಲಿ.